ನೀವು ಎಲ್ಲಿ ನಿಂತಿದ್ದೀರಿ?

ಫೋನಿನಲ್ಲಿ ಚೆನ್ನಾಗಿ ಮಾತಾಡುವವರನ್ನು ನಂಬಬೇಡ ಎಂದು ನನಗೆ ಹೇಳಿಕೊಟ್ಟವರು, ಮೂವತ್ತು ವರ್ಷ ಫೋನಿನಲ್ಲಿ ಚೆನ್ನಾಗಿ ಮಾತಾಡಿಯೇ ಸಂಬಳ ತೆಗೆದುಕೊಂಡವರು. ಈ ವಿರೋಧಾಭಾಸವನ್ನು ನಾನು ಪರಿಚಯವಾದ ದಿನವೇ ಎತ್ತಿ ತೋರಿಸಿದ್ದೆ. "ಹೌದಲ್ವಾ!" ಎಂದು ತಲೆದೂಗಿ ಇನ್ನೊಂದು ಕೋಡುಬಳೆ ಕೊಟ್ಟರು. ಎದುರಾಳಿ ಒಪ್ಪಿಕೊಂಡೇಬಿಟ್ಟರೆ ಮುಂದೇನು ಮಾಡಬೇಕೆಂದು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಯಾರೂ ಕಲಿಸಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡಾಗ ಪತ್ರಿಕೆಯಲ್ಲಿ ಎರಡು ಸಾಲು ಬಂತು: ದೂರವಾಣಿ ಇಲಾಖೆಯ ನಿವೃತ್ತ ನೌಕರರು, ಅವಿವಾಹಿತರು, ಒಬ್ಬ ತಂಗಿಯನ್ನು ಅಗಲಿದ್ದಾರೆ. ಸುಳ್ಳೇನಲ್ಲ. ಆದರೆ ನಿವೃತ್ತಿಯಾದ ಮೇಲೂ ಅವರು ಹತ್ತು ಹನ್ನೆರಡು ವರ್ಷ ಫೋನಿನ ಮುಂದೆಯೇ ಕೂತಿದ್ದರು ಎಂಬುದನ್ನು ಯಾರೂ ಬರೆಯಲಿಲ್ಲ. ಹೆಸರು ನಾನೂ ಬರೆಯುವುದಿಲ್ಲ. ಲಕ್ಷ್ಮೀಪುರಂನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಎಕ್ಸ್‌ಚೇಂಜ್ ಅಮ್ಮ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮೂರಂಕಿಯ ನಂಬರು ಒತ್ತಿದರೆ ಸರ್ಕಾರದ ಆಂಬುಲೆನ್ಸ್ ಬಾಗಿಲಿಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನಮ್ಮ ಕಡೆ ಇದ್ದದ್ದು ಒಂದೇ ಒಂದು ಬಿಳಿ ವ್ಯಾನು. ಕೆಲವು ವ್ಯಾಪಾರಸ್ಥರು ಸೇರಿ ಕಟ್ಟಿಕೊಂಡ ಟ್ರಸ್ಟೊಂದು ಅದನ್ನು ಪುಕ್ಕಟೆಯಾಗಿ ಓಡಿಸುತ್ತಿತ್ತು. ಅದರ ಫೋನು ಅಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ವ್ಯಾನು ಕಾಂಪೌಂಡಿನಾಚೆ ಹೊಂಗೆಮರದ ಕೆಳಗೆ. ಡ್ರೈವರು ವ್ಯಾನಿನೊಳಗೆ, ಕಾಲು ಹೊರಗೆ ಇಳಿಬಿಟ್ಟುಕೊಂಡು. ಅಮ್ಮ ಕೂತಲ್ಲಿಂದ ಕಿಟಕಿಯತ್ತ ಮುಖ ತಿರುಗಿಸಿ ಒಂದು ಬೀದಿ ಹೆಸರು ಹೇಳಿದರೆ ಸಾಕು, ಗಾಡಿ ಹೊರಡುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಸೇವೆಗಲ್ಲ, ಪಾಯಿಂಟಿಗೆ. ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ "ತುರ್ತು ಸೇವೆ ಉಚಿತವಾಗಿರಕೂಡದು" ಎಂಬ ವಿಷಯ ಬಂದಿತ್ತು. ನಾನು ಅದರ ಪರ. ಪುಕ್ಕಟೆ ಸಿಕ್ಕಿದ್ದನ್ನು ಜನ ಹೇಗೆ ಹಾಳುಮಾಡುತ್ತಾರೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು, ಸರಸ್ವತಿಪುರಂನ ನಮ್ಮ ಮನೆಯಿಂದ ನೋಟ್‌ಬುಕ್ ಹಿಡಿದು ನಡೆದುಕೊಂಡೇ ಹೋದೆ.

"ಪಾಯಿಂಟ್ಸ್ ಬೇಕಾ? ಕೂತ್ಕೋ ಅಲ್ಲಿ," ಎಂದರು. "ಒಂದೇ ಕಂಡೀಷನ್ನು. ಮಾತಾಡಬಾರದು."

ಅದುವರೆಗೆ ನನಗೆ ಯಾರೂ ಆ ಕಂಡೀಷನ್ ಹಾಕಿರಲಿಲ್ಲ. ಹಾಕುವ ಧೈರ್ಯ ಇರಲಿಲ್ಲ ಎನ್ನುವುದು ನಮ್ಮಮ್ಮನ ಅಭಿಪ್ರಾಯ.

ಕೂತು ನೋಡಿದೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು, ಬೆನ್ನು ನೆಟ್ಟಗೆ. ನಡುನೆತ್ತಿಯ ಮೇಲೆ ಕಿವಿಯಿಂದ ಕಿವಿಗೆ ಕೂದಲು ತೆಳ್ಳಗಾಗಿ ಒಂದು ದಾರಿ ಬಿದ್ದಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಹೆಡ್‌ಸೆಟ್ ಕೂತಿದ್ದ ಜಾಗವಂತೆ. ಯೋಚನೆಗೆ ಬಿದ್ದಾಗ ಬೆರಳಿನ ಉಂಗುರದಿಂದ ರಿಸೀವರಿನ ಮೇಲೆ ಟಕ್ ಟಕ್ ಟಕ್ ಎಂದು ಮೂರು ಸಲ ತಟ್ಟುತ್ತಿದ್ದರು. ಬೆಳಗ್ಗೆ ಲಿಂಗಪೂಜೆಗೆ ಕೂತಾಗಲೂ ಫೋನು ಪಕ್ಕದಲ್ಲೇ. ಅದು ಬಾರಿಸಿದರೆ, ಎಡಗೈಯಲ್ಲಿ ಲಿಂಗ ಹಿಡಿದೇ ಬಲಗೈಯಲ್ಲಿ ಎತ್ತುವರು. ನಾಸ್ತಿಕಳಾದ ನಾನು ಇದನ್ನು ಕೆದಕದೆ ಬಿಡುತ್ತೇನೆಯೇ? "ದೇವರಿಗೆ ಅವಮಾನ ಅಲ್ವಾ?" ಎಂದೆ. "ದೇವರು ಎಲ್ಲಿಗೂ ಹೋಗಲ್ಲ ಕಣೇ. ಫೋನು ಕಟ್ ಆಗುತ್ತೆ," ಎಂದರು.

ಪಾಯಿಂಟುಗಳಿಗೆ ಬರವಿರಲಿಲ್ಲ. ಪ್ರತಿ ತಿಂಗಳು ಬಿ.ಪಿ. ನೋಡಿಸಿಕೊಳ್ಳಲು ಆಂಬುಲೆನ್ಸಿನಲ್ಲೇ ಹೋಗುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರಿದ್ದರು. ಸೈರನ್ ಹಾಕದಿದ್ದರೆ ಡ್ರೈವರಿಗೆ ಬೈಗುಳ. ಮುಹೂರ್ತಕ್ಕೆ ತಡವಾದ ಮದುವೆ ಗಂಡು, ಪೇಟ ಬಾಸಿಂಗದ ಸಮೇತ ಸ್ಟ್ರೆಚರ್ ಮೇಲೆ ಕೂತು ಛತ್ರಕ್ಕೆ ಹೋದದ್ದಿತ್ತು. ಎಲ್ಲಕ್ಕಿಂತ ಜೋರು ಜಂಬೂಸವಾರಿಯ ದಿನ. ಅಂದು ಊರಿನ ರಸ್ತೆಗಳೆಲ್ಲ ಬಂದ್, ಬೊಂಬು ಕಟ್ಟಿ ಪೊಲೀಸರು ನಿಂತರೆ ಯಾರೂ ಅತ್ತಿತ್ತ ಅಲ್ಲಾಡುವಂತಿಲ್ಲ. ಆಂಬುಲೆನ್ಸಿಗೆ ಮಾತ್ರ ದಾರಿ. ಹಾಗಾಗಿ ಮಧ್ಯಾಹ್ನ ಹನ್ನೆರಡರಿಂದ ಮೈಸೂರಿನ ಮರ್ಯಾದಸ್ಥ ಮನೆಗಳಲ್ಲಿ ಎದೆನೋವು ಶುರು. ರೋಗಿ ಒಬ್ಬರು, ಆರೈಕೆಗೆ ಆರು ಜನ.

"ಸರ್ಕಲ್ ದಾಟಿದ್ದೇ ತಡ ಅಮ್ಮಾ," ಎಂದು ಡ್ರೈವರು ಹೇಳುವುದನ್ನು ನಾನೇ ಕೇಳಿದ್ದೇನೆ, "'ಇಲ್ಲೇ ನಿಲ್ಸಪ್ಪ, ಈಗ ಪರವಾಗಿಲ್ಲ' ಅಂತ ಎಲ್ಲಾ ಇಳ್ಕಂಡ್ಬುಟ್ರು. ಪೇಷೆಂಟು ನನ್ ಕಣ್ಮುಂದೇನೇ ಬಲೂನ್ ತಗಂಡ್ರು!"

ಅಮ್ಮ ನಗಲಿಲ್ಲ. "ಬಲೂನಿಗೆ ನೀನು ಹೋಗಿ ಬಂದಿದ್ದು ಎಷ್ಟು ಹೊತ್ತು?" ಎಂದು ಕೇಳಿದರು. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಕಿಟಕಿಯಾಚೆ ಮರದ ಕೆಳಗೆ ಬರಿಯ ಎಣ್ಣೆಕಲೆ. ಫೋನು ಬಂದರೆ? ಅವರು ಹೆದರುತ್ತಿದ್ದದ್ದು ಸುಳ್ಳು ಫೋನಿಗಲ್ಲ, ಅದರ ಹಿಂದೆಯೇ ಬರಬಹುದಾದ ನಿಜವಾದ ಫೋನಿಗೆ. ಗಾಡಿ ಹೊರಗಿದ್ದಷ್ಟು ಹೊತ್ತೂ ಅವರು ಕಾಫಿ ಕುಡಿಯುತ್ತಿರಲಿಲ್ಲ.

ಹಾಗಾದರೆ ಸುಳ್ಳನ್ನು ತಡೆಯಲು ಅವರಲ್ಲಿ ಏನು ಉಪಾಯವಿತ್ತು? ಕಿವಿ, ಅಷ್ಟೇ. ಫೋನೆತ್ತಿದರೆ ಅವರ ಮೊದಲ ಪ್ರಶ್ನೆ ಏನಾಯಿತು ಎಂದಲ್ಲ. "ನೀವು ಎಲ್ಲಿ ನಿಂತಿದ್ದೀರಿ?" ಆಮೇಲೆ ಸುಮ್ಮನಾಗಿಬಿಡುವರು. ಸುಳ್ಳು ಹೇಳುವವರು ಮನೆ ನಂಬರು, ಮೇನು, ಕ್ರಾಸು, ಪಕ್ಕದ ಬ್ಯಾಂಕು, ಎಡಗೈ ಸೆಳೆತ, ಬೆವರು, ಎಲ್ಲವನ್ನೂ ಒಂದಾದ ಮೇಲೊಂದು ಒಪ್ಪಿಸುತ್ತಾರೆ. ಹೆದರಿದವರಿಗೆ ಅವರ ಬೀದಿಯ ಹೆಸರೇ ಬಾಯಿಗೆ ಬರುವುದಿಲ್ಲ. ಅಂಥವರ ಬೆನ್ನ ಹಿಂದಿನ ಸದ್ದುಗಳನ್ನು ಅಮ್ಮ ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ಯಾರೋ ಅಳುತ್ತಲೇ ಇದ್ದರು, ಮಾತೇ ಇಲ್ಲ. ಅಮ್ಮ ಕಿಟಕಿಗೆ ತಿರುಗಿ, "ಹಿಂದೆ ಸಿಂಹ ಗರ್ಜಿಸ್ತಾ ಇದೆ ಕಣೋ. ಇಟ್ಟಿಗೆಗೂಡು, ಝೂ ಪಕ್ಕದ ಬೀದಿ. ಹೊರಡು!" ಎಂದರು. ಹೋದರೆ ನಿಜವಾಗಿಯೂ ಅಲ್ಲೇ.

ತೀರ ನಿರರ್ಗಳವಾಗಿ ಮಾತಾಡಿದವರಿಗೆ, "ಐದು ನಿಮಿಷ, ನಾನೇ ವಾಪಸ್ ಮಾಡ್ತೀನಿ" ಎಂದು ಇಟ್ಟುಬಿಡುವರು. ಐದು ನಿಮಿಷ ಬಿಟ್ಟು ಮಾಡಿದರೆ ಆ ಕಡೆ, "ಬೇಡಿ ಬಿಡಿ, ಆಟೋ ಸಿಕ್ತು" ಎಂಬ ಉತ್ತರ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಈಗಲೂ ಪೂರ್ತಿ ಒಪ್ಪಿಗೆಯಾಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. "ನಿಮ್ಮ ಕಿವಿಯೇ ಕಾನೂನಾ? ಗಟ್ಟಿಗರೂ ಇರ್ತಾರೆ, ಗಂಡ ಬಿದ್ದಿದ್ರೂ ಸ್ಪಷ್ಟವಾಗಿ ಮಾತಾಡೋರು. ಅವರನ್ನ ಐದು ನಿಮಿಷ ಕಾಯಿಸ್ತೀರಲ್ಲ, ಯಾವ ನ್ಯಾಯ? ನಿಮಗೆ ತಪ್ಪೇ ಆಗಿಲ್ವಾ?"

ಉಂಗುರ ಟಕ್ ಟಕ್ ಟಕ್ ಎಂದಿತು. "ಆಗಿದೆ. ಎರಡು ಸಲ." ನಾನು ಅದನ್ನು ಗೆಲುವೆಂದು ಭಾವಿಸಿ ಮುಂದುವರಿದೆ.

ಚರ್ಚೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಗೆದ್ದ ಹುಮ್ಮಸ್ಸಿನಲ್ಲಿ ಟ್ರಸ್ಟಿನ ಅಧ್ಯಕ್ಷರ ಜವಳಿ ಅಂಗಡಿಗೇ ಹೋಗಿ ವಾದಿಸಿದೆ. ವ್ಯಕ್ತಿಯ ಮೇಲೆ ನಿಂತ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ, ಎಲ್ಲರಿಗೂ ಒಂದೇ ಅಳತೆ ಬೇಕು, ಆರು ಪ್ರಶ್ನೆ ಕೇಳೋಣ, ಸರಿಯಾದ ಉತ್ತರ ಬಂದವರಿಗೆ ಮಾತ್ರ ವಿಳಾಸ ಕೇಳಿ ಗಾಡಿ ಕಳಿಸೋಣ ಎಂದೆ. ಉಸಿರು ಹೇಗಿದೆ, ನೋವು ಎಷ್ಟು ಹೊತ್ತಿನಿಂದ, ಬೆವರಿದೆಯೇ, ಪ್ರಜ್ಞೆ ಇದೆಯೇ, ಹೀಗೆ. ಅಧ್ಯಕ್ಷರು ಗಜಕಡ್ಡಿ ಹಿಡಿದ ಕೈಯಲ್ಲೇ, "ಭೇಷ್ ಕಣಮ್ಮ, ಸೈಂಟಿಫಿಕ್ ಆಗೈತೆ!" ಎಂದರು. ಹಾಳೆಯನ್ನು ನಮ್ಮಪ್ಪ ಅವರ ಆಫೀಸಿನಲ್ಲಿ ಟೈಪ್ ಮಾಡಿಸಿ ತಂದುಕೊಟ್ಟರು.

ಅಮ್ಮ ಅದನ್ನು ಎರಡು ಸಲ ಓದಿದರು. ಒಂದು ಮಾತು ಎದುರಾಡಲಿಲ್ಲ. ಇಲಾಖೆಯಲ್ಲಿ ಸುತ್ತೋಲೆ ಬಂದರೆ ಪಾಲಿಸುವುದು ಅವರಿಗೆ ಅಭ್ಯಾಸ; ಟ್ರಸ್ಟಿನ ಕಮಿಟಿಯ ಠರಾವು ಕೂಡ ಸುತ್ತೋಲೆಯೇ. "ಸರಿ ಲಾಯರಮ್ಮ," ಎಂದು ಹಾಳೆಯನ್ನು ಫೋನಿನ ಪಕ್ಕದ ಗೋಡೆಗೆ ಅಂಟಿಸಿದರು. ಅವತ್ತಿನಿಂದ ನನಗೆ ಅದೇ ಹೆಸರಾಯಿತು.

ಮೂರನೆಯ ವಾರ, ಒಂದು ಸೋಮವಾರ ಕಾಲೇಜಿನಿಂದ ಬೇಗ ಬಂದೆ. ಮನೆಯಲ್ಲಿ ಅಜ್ಜಿ ಇರಲಿಲ್ಲ. ಅವರ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿತ್ತು. ಅದನ್ನು ಬಿಚ್ಚಿಸಲು ಆಸ್ಪತ್ರೆಗೆ ಹೋಗಬೇಕಾದ ದಿನ ಅದು. ಸ್ವಲ್ಪ ಹೊತ್ತಿಗೆ ಅಪ್ಪ, ಅಜ್ಜಿ ವಾಪಸ್ ಬಂದರು. ಬಿಳಿ ವ್ಯಾನಿನಲ್ಲಿ ಅಲ್ಲ, ಯಾರದೋ ಕಾರಿನಲ್ಲಿ.

"ಹೋಗುವಾಗ ನಿನ್ನ ಆಂಬುಲೆನ್ಸೇ ಕಣೇ," ಎಂದರು ಅಪ್ಪ, ಖುಷಿಯಿಂದ. "ಆಟೋದಲ್ಲಿ ಅವಳಿಗೆ ಕಾಲು ಮಡಚೋಕೆ ಆಗಲ್ವಲ್ಲ, ಅದಕ್ಕೆ. ನಿನ್ನ ಪ್ರಶ್ನೆಗಳು ಬಾಯಿಪಾಠ ಇತ್ತು ನೋಡು. ಉಸಿರು ಕಟ್ತಾ ಇದೆ, ಬೆವರ್ತಾ ಇದ್ದಾಳೆ ಅಂದೆ. ಆರಕ್ಕೆ ಆರು!"

"ಮತ್ತೆ ಬರುವಾಗ?"

"ಕಾಯಪ್ಪ, ಐದೇ ನಿಮಿಷ, ವಾಪಸ್ ಬಿಟ್ಟುಬಿಡು ಅಂದಿದ್ದೆ. ಕಾಯ್ತಾನೇ ಇದ್ದ. ಆಮೇಲೆ ಒಳಗಿಂದ ಯಾರೋ ಬಂದು ಫೋನ್ ಇದೆ ಅಂತ ಕರೆದ್ರು. ಓಡಿಹೋಗಿ ಗಾಡಿ ಎತ್ಕೊಂಡು ಹೊರಟೇಹೋದ, ಹೇಳದೆ ಕೇಳದೆ."

ನಾನು ಚಪ್ಪಲಿ ಮೆಟ್ಟಿಕೊಂಡು ಲಕ್ಷ್ಮೀಪುರಂಗೆ ಓಡಿದೆ.

ಅಮ್ಮ ಕುರ್ಚಿಯಲ್ಲಿ ಇರಲಿಲ್ಲ, ಕಿಟಕಿಯ ಹತ್ತಿರ ನಿಂತಿದ್ದರು. ನಡೆದದ್ದನ್ನು ಹೇಳಿದರು, ಏರಿಳಿತವಿಲ್ಲದ ಧ್ವನಿಯಲ್ಲಿ. ಕಾಯಿನ್ ಬೂತಿನಿಂದ ಒಬ್ಬ ಹೆಂಗಸು ಫೋನು ಮಾಡಿದ್ದಳು. ಗಾರೆ ಕೆಲಸದ ಗಂಡ ಎರಡನೆಯ ಮಹಡಿಗೆ ಕಟ್ಟಿದ್ದ ಬೊಂಬಿನ ಸಾರುವೆಯಿಂದ ಬಿದ್ದಿದ್ದ. "ಬಿದ್ಬುಟ್ಟವ್ನೆ ಕಣವ್ವ, ಬನ್ನಿ ಕಣವ್ವ," ಇಷ್ಟೇ ಅವಳ ಮಾತು. ಮೊದಲ ಉಸಿರಿನಲ್ಲೇ ಅಮ್ಮನಿಗೆ ಗೊತ್ತಾಗಿತ್ತು, ಇದು ನಿಜ ಎಂದು. ಗೊತ್ತಿದ್ದೂ ಹಾಳೆ ನೋಡಿಕೊಂಡು ಒಂದನೆಯ ಪ್ರಶ್ನೆ ಕೇಳಿದರು. ಎರಡನೆಯದು ಕೇಳಿದರು. ಮೂರನೆಯದರ ನಡುವೆ ಒಂದು ರೂಪಾಯಿಯ ಮೂರು ನಿಮಿಷ ಮುಗಿದು ಲೈನು ಕಟ್ಟಾಯಿತು. ವಿಳಾಸ ಪಟ್ಟಿಯಲ್ಲಿ ಕೊನೆಗಿತ್ತು. ನಾನೇ ಇಟ್ಟದ್ದು.

ಹಿಂದೆ ಕಾಂಕ್ರೀಟ್ ಮಿಷನ್ನಿನ ಸದ್ದು, ಬಸ್ಸಿನ ಕಂಡಕ್ಟರ್ "ಶ್ರೀರಾಂಪುರ, ಲಾಸ್ಟ್ ಸ್ಟಾಪ್" ಎಂದು ಕೂಗಿದ್ದು, ಇವೆರಡು ಅಮ್ಮನ ಕಿವಿಯಲ್ಲಿ ಉಳಿದಿದ್ದವು. ಜಾಗ ತಿಳಿಯಿತು. ಗಾಡಿ ಇರಲಿಲ್ಲ. ಅದು ಆಸ್ಪತ್ರೆಯ ಅಂಗಳದಲ್ಲಿ ನಮ್ಮಜ್ಜಿಗಾಗಿ ಕಾಯುತ್ತಿತ್ತು. ಅಲ್ಲಿಯ ಕೌಂಟರಿಗೆ ಫೋನು ಮಾಡಿ, ಅವರು ಡ್ರೈವರನ್ನು ಹುಡುಕಿ, ಅವನು ಶ್ರೀರಾಂಪುರ ಮುಟ್ಟುವ ಹೊತ್ತಿಗೆ ಗಾರೆಯವನು ಜಲ್ಲಿಯ ಮೇಲೆ ಒಂದು ಗಂಟೆಗೂ ಹೆಚ್ಚು ಮಲಗಿದ್ದ.

ಜೀವ ಉಳಿಯಿತು. ಎಡಗಾಲು ಉಳಿಯಲಿಲ್ಲ.

ಬೇಗ ಬಂದಿದ್ದರೂ ಕಾಲು ಹೋಗುತ್ತಿತ್ತೋ ಏನೋ ಎಂದು ಡಾಕ್ಟರು ಹೇಳಿದರು. ನಾನು ಆ ಮಾತಿಗೆ ಜೋತುಬಿದ್ದೆ. ನಾಲ್ಕು ದಿನ ಬಿಟ್ಟು ಅಮ್ಮನ ಮುಂದೆ ಕೂತು, ತಡವೇ ಕಾರಣ ಎಂಬುದಕ್ಕೆ ಪುರಾವೆ ಇಲ್ಲ, ಪೆಟ್ಟೇ ಅಂಥದ್ದು, ಒಂದರ ಹಿಂದೆ ಒಂದು ಆದ ಮಾತ್ರಕ್ಕೆ ಒಂದರಿಂದ ಒಂದು ಆಯಿತು ಎನ್ನಲಾಗದು ಎಂದೆಲ್ಲ ಮಂಡಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ಮಾತಾಡಿರಲಿಲ್ಲ.

ಅಮ್ಮ ಪೂರ್ತಿ ಕೇಳಿಸಿಕೊಂಡರು. "ಸರಿಯಾಗಿದೆ ಲಾಯರಮ್ಮ. ನೀನೇ ಗೆದ್ದೆ," ಎಂದರು. "ಭಾನುವಾರ ಅವನನ್ನ ನೋಡೋಕೆ ಹೋಗ್ತಿದ್ದೀನಿ. ನೀನೂ ಬಾ, ಇದನ್ನ ಅವನ ಹೆಂಡ್ತಿಗೆ ಹೇಳು."

ನಾನು ಅಳುವುದನ್ನು ನೋಡಿ ಅವರು ಎದ್ದುಹೋಗಿ ಕಾಫಿ ತಂದರು. ಗೋಡೆಯಿಂದ ಆ ಹಾಳೆ ಕಿತ್ತು, ನಾಲ್ಕು ಮಡಿಕೆ ಮಾಡಿ, ಲೋಟದ ಕೆಳಗಿಟ್ಟರು. "ಮೇಜಿಗೆ ಕಲೆ ಆಗಲ್ಲ," ಎಂದರು. ಆಮೇಲೆ, ನನ್ನ ಮುಖ ನೋಡದೆ, "ಹಾಳೆ ನಿನ್ನದು. ಓದಿದ ಬಾಯಿ ನಂದು. ನಂಗೆ ಗೊತ್ತಿತ್ತಲ್ಲೇ, ಗೊತ್ತಿದ್ದೂ ಓದಿದೆ," ಎಂದರು. ಮೂರನೆಯ ಸಲದ ತಪ್ಪನ್ನು ಅವರು ತಮ್ಮ ಪಾಲಿಗೆ ಬರೆದುಕೊಂಡಿದ್ದರು. ನನಗೆ ಅದರಲ್ಲಿ ಪಾಲೂ ಕೊಡಲಿಲ್ಲ.

ಅಪ್ಪ ಕ್ಷಮೆ ಕೇಳಲು ಹೋದಾಗ, ಅಜ್ಜಿಯ ಮಂಡಿ ಈಗ ಮಡಚುತ್ತದೆಯೇ ಎಂದು ವಿಚಾರಿಸಿ ಕೋಡುಬಳೆ ಕೊಟ್ಟು ಕಳಿಸಿದರಂತೆ. ಅದನ್ನು ತಿನ್ನಲಾಗದೆ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬೈದಿದ್ದರೆ ಚೆನ್ನಾಗಿತ್ತು ಕಣೇ, ಎಂದರು.

ಅವತ್ತಿನಿಂದ ಭಾನುವಾರ ಮಧ್ಯಾಹ್ನ ಫೋನಿನ ಕುರ್ಚಿ ನನ್ನದಾಯಿತು. ಅಮ್ಮ ಶ್ರೀರಾಂಪುರಕ್ಕೆ ಹೋಗುವರು. ಅಲ್ಲಿ ಹೊಸ ಲೇಔಟಿನಲ್ಲಿ ಅವರ ತಂಗಿಯ ಮನೆ. ಅದಕ್ಕೂ ಮುಂಚೆ ಗಾರೆಯವನ ಗುಡಿಸಲು. ಅವನಿಗೆ ಜೈಪುರದ ಕೃತಕ ಕಾಲು ಹಾಕಿಸುವವರೆಗೂ ಅಧ್ಯಕ್ಷರ ಬೆನ್ನುಬಿಡಲಿಲ್ಲ. ನಾನು ಅವರ ಜೊತೆ ಹೋದದ್ದು ಆರು ತಿಂಗಳ ಮೇಲೆ, ಒಂದೇ ಸಲ. ಹೆಂಡತಿ ಟೀ ಕೊಟ್ಟಳು. ನಾನು ಏನೂ ಮಾತಾಡಲಿಲ್ಲ.

ಕುರ್ಚಿಯಲ್ಲಿ ಕೂತ ಮೇಲೂ ನಮ್ಮ ಜಗಳ ನಿಲ್ಲಲಿಲ್ಲ ಎನ್ನಿ. ಗಾಡಿ ಆಸ್ಪತ್ರೆ ಮುಟ್ಟಿದ ತಕ್ಷಣ ವಾಪಸ್ ಹೊರಡಬೇಕು, ಯಾರಿಗೂ ಕಾಯಕೂಡದು ಎಂದು ನಾನು ಹಟ ಹಿಡಿದೆ. "ಪಾಪ, ವಯಸ್ಸಾದೋರು..." ಎಂದು ಅಮ್ಮ ರಾಗ ತೆಗೆದರು. ಈ ಒಂದರಲ್ಲಿ ನಾನೇ ಗೆದ್ದೆ. ಆ ವರ್ಷದ ಜಂಬೂಸವಾರಿಗೆ ನಾವಿಬ್ಬರೂ ಸೇರಿ ಎಷ್ಟೋ ಎದೆನೋವುಗಳನ್ನು ಐದೈದು ನಿಮಿಷದಲ್ಲಿ ಗುಣಪಡಿಸಿದೆವು. ಬಲೂನಿನವರೂ ಫೋನು ಮಾಡಿದ್ದರು. "ಈ ಸಲ ಯಾವ ಬಣ್ಣದ್ದು ಬೇಕು ಸಾರ್?" ಎಂದು ನಾನು ಕೇಳಿಬಿಟ್ಟೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ನನಗೊಂದು ಗುದ್ದು ಕೊಟ್ಟರು.

ಕೇಳುವುದನ್ನು ಮಾತ್ರ ಕಲಿಯಲು ನನಗೆ ಬಹಳ ದಿನ ಹಿಡಿಯಿತು. ಯಾರಾದರೂ ತಡವರಿಸಿದರೆ ಅವರ ವಾಕ್ಯವನ್ನು ನಾನೇ ಮುಗಿಸಿಕೊಡುವ ಚಟ ನನ್ನದು. "ನೀನು ಬಾಯಿ ಹಾಕಿದ್ರೆ ಹಿಂದಿನ ಸದ್ದು ಕೇಳಲ್ಲ ಕಣೇ," ಎಂದು ಅಮ್ಮ ತುಟಿಯ ಮೇಲೆ ಪೆನ್ಸಿಲ್ ಇಟ್ಟು ತೋರಿಸುತ್ತಿದ್ದರು.

ಎರಡು ವರ್ಷ ಕಳೆದಿರಬೇಕು. ಒಂದು ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಫೋನು ಬಂತು. ಎತ್ತಿದೆ. ಆ ಕಡೆ ಉಸಿರು ಮಾತ್ರ. ಆಮೇಲೆ ಒಡೆದ, ಎತ್ತರದ ಒಂದು ಹೆಣ್ಣು ದನಿ: "ಬನ್ನಿ... ಬೇಗ ಬನ್ನಿ... ಬಾಯಿ ಒಂದು ಕಡೆಗೆ... ಬನ್ನಿ..."

"ನೀವು ಎಲ್ಲಿ ನಿಂತಿದ್ದೀರಿ?"

"ನಿಂತಿದ್ದೀನಿ... ನಿಂತೇ ಇದ್ದೀನಿ... ಹಸಿರು ಗೇಟು..."

ಮೈಸೂರಿನಲ್ಲಿ ಎಷ್ಟು ಹಸಿರು ಗೇಟು! ಯಾವ ಏರಿಯಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಕಣ್ಣುಮುಚ್ಚಿ ಕಿವಿಯನ್ನು ರಿಸೀವರಿಗೆ ಒತ್ತಿಕೊಂಡೆ. ಸಿಂಹ ಇಲ್ಲ, ಬಸ್ಸಿಲ್ಲ. ದೂರದಲ್ಲೆಲ್ಲೋ ಕುಕ್ಕರಿನ ಸೀಟಿ. ಮತ್ತೆ ಉಸಿರು. ಆಮೇಲೆ ತೀರ ಹತ್ತಿರದಲ್ಲಿ, ರಿಸೀವರಿನ ಮೇಲೇ: ಟಕ್ ಟಕ್ ಟಕ್.

ಆ ಉಂಗುರ ನನಗೆ ಗೊತ್ತಿತ್ತು. ಕಿಟಕಿಗೆ ತಿರುಗಿ ಕಿರುಚಿದೆ: "ಅಣ್ಣಾ, ಶ್ರೀರಾಂಪುರ! ಅಮ್ಮನ ತಂಗಿ ಮನೆ!" ಡ್ರೈವರು ಎಂಗೆ, ಏನು ಎಂದು ಕೇಳಲಿಲ್ಲ. ಕಾಲು ಒಳಗೆಳೆದುಕೊಂಡ, ಅಷ್ಟೇ. ಗಾಡಿ ಮರದ ಕೆಳಗೇ ಇತ್ತು. ಇತ್ತು ಎಂಬ ಆ ಒಂದು ಪದದ ತೂಕ ನನಗೆ ಅವತ್ತು ಗೊತ್ತಾಯಿತು.

ತಂಗಿಗೆ ಪಾರ್ಶ್ವವಾಯು, ಬಲಭಾಗಕ್ಕೆ. ಬೇಗ ತಂದಿರಿ, ಒಳ್ಳೆಯದಾಯಿತು, ಎಂದರಂತೆ ಡಾಕ್ಟರು. ತಂಗಿ ಒಂದು ತಿಂಗಳಲ್ಲಿ ಗೋಡೆ ಹಿಡಿದು ನಡೆದಾಡಿದರು. ಹೋದ ತಿಂಗಳು ಅಕ್ಕನ ಕಾರ್ಯದಲ್ಲಿ ಊಟ ಬಡಿಸಿದವರು ಅವರೇ, ಬಲಗೈಯಲ್ಲಿ.

ಅಂದಿನಿಂದ ನಾಲ್ಕೈದು ದಿನ ಅಮ್ಮ ಆ ಫೋನಿನ ಸುದ್ದಿಯನ್ನೇ ಎತ್ತಲಿಲ್ಲ. ಅವರಿಗೆ ಏನೂ ನೆನಪಿರಲಿಲ್ಲವೆಂದು ಕಾಣುತ್ತದೆ. ಮೂವತ್ತು ವರ್ಷ ಇಡೀ ಊರಿನ ನಂಬರುಗಳನ್ನು ತಲೆಯಲ್ಲಿಟ್ಟುಕೊಂಡಿದ್ದವರಿಗೆ ಆ ನೆನಪಿಲ್ಲದ್ದೇ ಕಾಟ. ಕೊನೆಗೊಂದು ಸಂಜೆ, ಲೋಟದ ಕೆಳಗಿನ ಹಾಳೆ ಸರಿಮಾಡುತ್ತ, ಏನೂ ಅಲ್ಲವೆಂಬಂತೆ ಕೇಳಿದರು:

"ಅವತ್ತು... ನಾನು ವಿಳಾಸ ಹೇಳಿದೆ ಅಲ್ವೇನೇ?"

ಸತ್ಯವೊಂದೇ ನನ್ನ ಪಕ್ಷ ಎಂದು ಎದೆತಟ್ಟಿಕೊಂಡು ಓಡಾಡಿದವಳು ನಾನು. ಅವರ ಮುಖ ನೋಡಿದೆ.

"ಹೇಳಿದ್ರಿ ಅಮ್ಮ," ಎಂದೆ. "ಮನೆ ನಂಬರು, ಮೇನು, ಕ್ರಾಸು, ಪಕ್ಕದ ಹಾಲಿನ ಬೂತು, ಎಲ್ಲಾ. ಗಟಗಟ ಅಂತ ಹೇಳಿದ್ರಿ."

ಅಮ್ಮ ತುರುಬಿನಿಂದ ಪೆನ್ಸಿಲ್ ತೆಗೆದು ನನ್ನ ತಲೆಗೆ ಮೊಟಕಿದರು.

"ಸುಳ್ಳಿ," ಎಂದರು. "ಅಷ್ಟು ಚೆನ್ನಾಗಿ ಹೇಳಿದ್ದಿದ್ರೆ ನೀನು ಗಾಡೀನೇ ಕಳಿಸ್ತಿರಲಿಲ್ಲ."